ವಿಧೇಯ ಶಿಷ್ಯ

ಲಿಫ್ಟ್ ಕಂಪನಿಯ ಮ್ಯಾನೇಜರು ಬಾಗಿಲಲ್ಲಿ ಬಂದು ನಿಂತಾಗ ಮೇಷ್ಟ್ರು ಸೋಫಾದ ಮೇಲೆ ಕಾಲು ಮಡಚಿ ಕೂತು ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದರು: "ಬಾಗಿಲ ಕೆಳಗಿನ ಸಂದೀಲಿ ಚಿಕ್ಕ ಕಲ್ಲು ಸಿಕ್ಕಿರುತ್ತೆ ಕಣಪ್ಪ, ಕಡ್ಡೀಲಿ ಕೆದಕು. ಬಂತಾ? ಈಗ ಬಾಗಿಲು ಹಾಕಿ ಫೋನ್ ಅದರ ಹತ್ರ ಹಿಡಿ, ಸದ್ದು ಕೇಳ್ತೀನಿ. ಹಾಂ, ಸರಿಹೋಯ್ತು, ಇಡು." ಆಮೇಲೆ ಸಾಹೇಬರನ್ನು ನೋಡಿ ದಡಬಡಿಸಿ ಎದ್ದರು.

"ಯಾರದು ಫೋನು?"

"ನೆಂಟರು ಸಾರ್."

"ನೆಂಟರ ಮನೇಲಿ ಲಿಫ್ಟ್ ಇದ್ಯಾ?"

"ಹೊಸದಾಗಿ ಹಾಕಿಸ್ಕೊಂಡಿದ್ದಾರೆ," ಎಂದರು ಮೇಷ್ಟ್ರು. ಅಡುಗೆಮನೆಯಲ್ಲಿ ಹೆಂಡತಿ ಪಾತ್ರೆಯೊಂದನ್ನು ಬೇಕೆಂತಲೇ ಜೋರಾಗಿ ಕುಕ್ಕಿದರು.

ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಮೂವತ್ತೊಂದು ವರ್ಷ ಲಿಫ್ಟ್ ರಿಪೇರಿ ಮಾಡಿ, ಹೊಸದಾಗಿ ಬಂದ ಮೆಕ್ಯಾನಿಕ್‌ಗಳಿಗೆಲ್ಲ ಕೆಲಸ ಕಲಿಸಿ ಆ ಹೆಸರು ಸಂಪಾದಿಸಿದವರು. ಕೊನೆಯ ಶಿಷ್ಯ ಮಾತ್ರ ಮನುಷ್ಯನಾಗಿರಲಿಲ್ಲ. ಕಂಪನಿ ತಂದ ಎಐ ಯಂತ್ರದ ಮುಂದೆ, ಗಾಜಿನ ಕೋಣೆಯಲ್ಲಿ ನಾಲ್ಕು ತಿಂಗಳು ಕೂತು ತಮಗೆ ಗೊತ್ತಿದ್ದುದನ್ನೆಲ್ಲ ಬಾಯಲ್ಲಿ ಹೇಳಿದ್ದರು. ಹೇಳಿ ಮುಗಿದ ಮರುವಾರವೇ ಕಂಪನಿಯವರು, "ನಿಮಗೆ ಗೊತ್ತಿರೋದೆಲ್ಲ ಈಗ ಅದಕ್ಕೂ ಗೊತ್ತು, ನೀವು ಆರಾಮಾಗಿರಿ" ಎಂದು ಕೈಕುಲುಕಿ ಮನೆಗೆ ಕಳಿಸಿದರು. ನಿವೃತ್ತಿಗೆ ಇನ್ನೂ ಮೂರು ವರ್ಷವಿತ್ತು.

ಮೊದಲೆರಡು ವಾರ ಅವರನ್ನು ನೋಡಿದರೆ ಅಯ್ಯೋ ಅನಿಸುತ್ತಿತ್ತು. ಮನೆಯ ಬಾಗಿಲುಗಳಿಗೆಲ್ಲ ಎಣ್ಣೆ ಬಿಟ್ಟು ಮುಗಿಸಿ ಪಕ್ಕದ ಮನೆಯ ಗೇಟಿನ ಮೇಲೆ ಕಣ್ಣು ಹಾಕಿದ್ದರು. ಮೂರನೇ ವಾರ ಫೋನುಗಳು ಶುರುವಾದವು. ಒಂದಲ್ಲ ಎರಡಲ್ಲ, ದಿನಕ್ಕೆ ಮೂವತ್ತು ನಲವತ್ತು. ಎಲ್ಲ ಕಟ್ಟಡಗಳ ವಾಚ್‌ಮನ್‌ಗಳದು. ಕಾರಣ ಮೇಷ್ಟ್ರ ಹಳೆಯ ಚಾಳಿ. ಯಾರಿಗೆ ಏನು ಕಲಿಸಿದರೂ ಕೊನೆಗೆ "ಇಷ್ಟಾದ್ರೂ ಆಗ್ಲಿಲ್ವಾ, ನಂಗೊಂದು ಫೋನ್ ಹಾಕು" ಎಂದು ನಂಬರು ಹೇಳಿಬಿಡುವುದು. ಯಂತ್ರಕ್ಕೂ ಹಾಗೇ ಹೇಳಿದ್ದರು. ಅದೋ, ಗುರುಗಳ ಮಾತಿನಲ್ಲಿ ಒಂದಕ್ಷರ ಬಿಡದ ಶಿಷ್ಯ. ಲಿಫ್ಟ್ ಕೆಟ್ಟಿದೆ ಎಂದು ವಾಚ್‌ಮನ್ ಮೊಬೈಲಿನಲ್ಲಿ ಕೇಳಿದರೆ ಒಂಬತ್ತು ಉಪಾಯ ಹೇಳಿ, ಹತ್ತನೆಯದಾಗಿ ಮೇಷ್ಟ್ರ ನಂಬರು ಕೊಡುತ್ತಿತ್ತು. ವಾಚ್‌ಮನ್‌ಗಳು ಒಂಬತ್ತನ್ನೂ ಹಾರಿಸಿ ನೇರವಾಗಿ ಹತ್ತಕ್ಕೆ ಬರುತ್ತಿದ್ದರು. ರಿಪೇರಿಯಾದ ಮೇಲೆ 'ಸರಿಹೋಯಿತು' ಎಂಬ ಹಸಿರು ಗುಂಡಿ ಒತ್ತುತ್ತಿದ್ದರು. ಯಂತ್ರ ಬರೆದದ್ದನ್ನು ಓದುವ ಪುರಸೊತ್ತು ಕಂಪನಿಯಲ್ಲಿ ಯಾರಿಗೂ ಇರಲಿಲ್ಲ. ಅವರು ಎಣಿಸುತ್ತಿದ್ದುದು ಹಸಿರು ಗುಂಡಿಗಳನ್ನು ಮಾತ್ರ.

ಹೆಂಡತಿಗೆ ಇದರಿಂದ ಮೈಯೆಲ್ಲ ಉರಿ. "ಪುಕ್ಕಟೆ ದುಡಿಯೋಕೆ ನಿಮಗೇನು ಬಂದಿದೆ? ಹೋಗಿ ಹೇಳಿ, ಕೆಲಸ ವಾಪಸ್ ಕೊಡ್ತಾರೆ."

"ಕೊಡ್ದೇ ಇದ್ರೆ? ನನ್ನ ನಂಬರ್ ಅಳಿಸಿಬಿಡ್ತಾರೆ ಅಷ್ಟೆ." ಅಳಿಸಿದರೆ ಫೋನು ಬರುವುದಿಲ್ಲ. ಮೇಷ್ಟ್ರಿಗಿದ್ದ ಭಯ ಅದೊಂದೇ.

ಮ್ಯಾನೇಜರು ಇವತ್ತು ಭಾರಿ ಖುಷಿಯಲ್ಲಿದ್ದರು. "ಮೇಷ್ಟ್ರೇ, ನಿಮ್ಮ ಶಿಷ್ಯ ಪ್ರೈಜ್ ಹೊಡೆದ! ನೂರು ದೂರುಗಳಲ್ಲಿ ತೊಂಬತ್ತಾರನ್ನ ಒಬ್ಬ ಮೆಕ್ಯಾನಿಕ್ಕನ್ನೂ ಕಳಿಸದೆ ಮುಗಿಸಿದ್ದಾನೆ. ಹನ್ನೊಂದು ಜನರನ್ನ ತೆಗೆದ್ವಿ, ಒಂದು ಲಿಫ್ಟೂ ನಿಂತಿಲ್ಲ. ಕೆಲವು ಸಲ ನೋಡಿದ್ರೆ ಒಳಗೆ ಮನುಷ್ಯನೇ ಕೂತಿದ್ದಾನೇನೋ ಅನ್ಸುತ್ತೆ."

"ಹೌದಾ ಸಾರ್."

"ಬೇರೆ ಕಂಪನಿಗಳಿಗೂ ಇದನ್ನ ಮಾರೋಣ ಅಂತ ಹೆಡ್ಡಾಫೀಸಿನವರ ಆಸೆ. ಆದ್ರೆ ಒಂದೇ ಒಂದು ಐಬು." ಮ್ಯಾನೇಜರು ಫೈಲಿನಿಂದ ಹಾಳೆಯೊಂದನ್ನು ತೆಗೆದು ಟೀಪಾಯಿ ಮೇಲೆ ಹರಡಿದರು. ಅದರಲ್ಲಿ ಒಂದು ಗೆರೆ ಬೆಳಗಿನಿಂದ ನೆಟ್ಟಗೆ ನಡೆದು ಬಂದು, ಒಂದು ಕಡೆ ಗುಡ್ಡದ ಹಾಗೆ ಎದ್ದು, ಮತ್ತೆ ನೆಟ್ಟಗಾಗಿತ್ತು. "ದಿನಾ ಮಧ್ಯಾಹ್ನ ಎರಡರಿಂದ ಮೂರರ ತನಕ ಬಂದ ದೂರು ಬಗೆಹರಿಯೋದು ತಡ. ಇಂಜಿನಿಯರುಗಳು ಒಂದು ತಿಂಗಳಿಂದ ತಲೆ ಕೆರ್ಕೋತಿದ್ದಾರೆ. ಸರ್ವರ್ ಬದಲಾಯಿಸಿದ್ರು, ಎಸಿ ಜಾಸ್ತಿ ಮಾಡಿದ್ರು, ಜಪ್ಪಯ್ಯ ಅಂದ್ರೂ ಸರಿಹೋಗ್ತಿಲ್ಲ. ಕಲಿಸಿದವರು ನೀವಲ್ವಾ, ಏನಾದ್ರೂ ಹೊಳೀಬಹುದು ಅಂತ ಬಂದೆ."

ಕಾಫಿ ಹಿಡಿದು ಬಂದ ಹೆಂಡತಿ ಅಲ್ಲೇ ನಿಂತರು. "ಇದರಲ್ಲಿ ಹೊಳೆಯೋಕೆ ಏನಿದೆ ಸಾರ್? ಊಟ ಮಾಡಿ, ಫೋನ್ ಆಫ್ ಮಾಡಿ, ಇವರು ಒಂದು ಗಂಟೆ..."

"ಸಕ್ಕರೆ ಹಾಕಿಲ್ಲ ಕಣೇ ಇದಕ್ಕೆ," ಎಂದರು ಮೇಷ್ಟ್ರು, ಲೋಟ ಇನ್ನೂ ಕೈಗೆ ಬರುವ ಮೊದಲೇ.

ಹೆಂಡತಿ ಗಂಡನನ್ನು ದುರುಗುಟ್ಟಿ ನೋಡಿ ಒಳಗೆ ಹೋದರು. ಮೇಷ್ಟ್ರು ಕನ್ನಡಕ ಹಾಕಿಕೊಂಡು ಹಾಳೆಯ ಮೇಲೆ ಬಾಗಿದರು. ತಮ್ಮ ಒಂದು ಗಂಟೆಯ ನಿದ್ದೆ ಹೆಡ್ಡಾಫೀಸಿನ ತನಕ ಹೋಗಿ ಗುಡ್ಡವಾಗಿ ಕೂತಿದ್ದನ್ನು ಕಂಡು ಅವರಿಗೆ ಹೆಮ್ಮೆಯಾಯಿತು. ಮೂವತ್ತೊಂದು ವರ್ಷದಲ್ಲಿ ಕಂಪನಿಯವರು ಅವರ ಕೆಲಸವನ್ನು ಇಷ್ಟು ಹತ್ತಿರದಿಂದ ಒಂದು ದಿನವೂ ನೋಡಿರಲಿಲ್ಲ. ನಿಜ ಹೇಳಿಬಿಡಲೇ ಎಂದು ಬಾಯಿ ತೆರೆದರು. ಅಷ್ಟರಲ್ಲಿ ಜೇಬಿನಲ್ಲಿ ಫೋನು ಹೊಡೆದುಕೊಳ್ಳತೊಡಗಿತು. ಎಲ್ಲೋ ಯಾವುದೋ ಲಿಫ್ಟ್ ನಿಂತಿತ್ತು, ಯಾರೋ ಕಾಯುತ್ತಿದ್ದರು.

"ಏನಾದ್ರೂ ಮಾಡೋಕಾಗುತ್ತಾ ಮೇಷ್ಟ್ರೇ?"

ಮೇಷ್ಟ್ರು ಹಾಳೆಯನ್ನು ಅಚ್ಚುಕಟ್ಟಾಗಿ ಮಡಚಿ ಮ್ಯಾನೇಜರ ಕೈಗೆ ಕೊಟ್ಟರು.

"ನೀವು ಧೈರ್ಯವಾಗಿ ಮಾರಿ ಸಾರ್," ಎಂದರು. "ನಾಳೆಯಿಂದ ಅದು ಮಧ್ಯಾಹ್ನ ಮಲಗಲ್ಲ."