ಲಾಳಿಗೆ ಮುತ್ತು

ಇಂಗ್ಲೆಂಡಿನ ಬಟ್ಟೆಗಿರಣಿಯೊಂದರಲ್ಲಿ ಹೆಟ್ಟಿ ಎಂಬ ಹುಡುಗಿ ಮಗ್ಗದ ಲಾಳಿಯನ್ನು ತುಟಿಗೆ ಒತ್ತಿಕೊಂಡದ್ದನ್ನು ಕಂಡು ಕಲಾವಿದನೊಬ್ಬ ಮರುಳಾದ. ಅವಳು ಲಾಳಿಗೆ ಮುತ್ತಿಡುವ ಚಿತ್ರ ಬರೆದ. ಲಂಡನ್ನಿನ ಪ್ರದರ್ಶನದಲ್ಲಿ ಜನ ಅದರ ಮುಂದೆ ಮುಗಿಬಿದ್ದರು. ಜನ್ಮದಲ್ಲಿ ಒಂದು ಲೋಟವನ್ನೂ ತೊಳೆಯದ ದೊಡ್ಡ ಮನೆಯ ಹೆಂಗಸರು, ದುಡಿಮೆಯನ್ನು ಪ್ರೀತಿಸಿದರೆ ಹೀಗೆ ಪ್ರೀತಿಸಬೇಕು ಎಂದು ಕಣ್ಣೊರೆಸಿಕೊಂಡರು. ಗಿರಣಿಯ ಧಣಿ ತನಗೂ ಅಂಥದ್ದೊಂದು ಚಿತ್ರ ಬೇಕೆಂದ.

ವರ್ಷದ ಮೇಲೆ ಕಲಾವಿದ ಮತ್ತೆ ಗಿರಣಿಗೆ ಬಂದ. ಹೆಟ್ಟಿಯ ಮಗ್ಗದ ಮುಂದೆ ಬೇರೊಬ್ಬ ಹೆಂಗಸಿದ್ದಳು. ಊಟದ ಬಿಡುವಿನಲ್ಲಿ ಯಂತ್ರಗಳು ನಿಂತಾಗ ಅವಳಿಗೆ ಚಿತ್ರದ ಅಚ್ಚುಪ್ರತಿ ತೋರಿಸಿ, "ಲಾಳಿಗೆ ಮುತ್ತಿಡ್ತಿದ್ದ ಈ ಹುಡುಗಿ ಎಲ್ಲಿ?" ಎಂದ.

ಅವಳು ನಕ್ಕಳು. "ಮುತ್ತು ಅಂದ್ಕೊಂಡ್ರಾ ಸ್ವಾಮಿ? ನೂಲಿನ ತುದಿ ಲಾಳಿಯ ತೂತಿನಿಂದ ಆಚೆ ಬರಬೇಕಲ್ಲ, ಅದಕ್ಕೆ ಬಾಯಿಟ್ಟು ಹೀರ್ತೀವಿ. ದಿನಕ್ಕೆ ನೂರಾರು ಸಲ."

"ಹೆಟ್ಟಿ?"

"ಕ್ಷಯ ಹಿಡೀತು. ಚಳಿಗಾಲದಲ್ಲಿ ರಕ್ತ ಕಾರ್ಕೊಂಡು ಹೋದ್ಲು. ಅವಳಿಗಿಂತ ಮುಂಚೆ ಇದೇ ಮಗ್ಗದಲ್ಲಿದ್ದ ಅವಳ ಅಕ್ಕನೂ ಹಾಗೇ ಹೋದ್ಲು. ಈಗ ನಾನು ಬಂದಿದೀನಿ. ಲಾಳಿ ಮಾತ್ರ ಅದೇ."

ಕಲಾವಿದ ಟೋಪಿ ತೆಗೆದ. ಆಮೇಲೆ ಕಿಟಕಿಯ ಬೆಳಕಿನತ್ತ ಒಮ್ಮೆ ನೋಡಿ, ಚೀಲದಿಂದ ಹಾಳೆ, ಪೆನ್ಸಿಲ್ ಹೊರತೆಗೆದ.

"ಹಾಗಾದ್ರೆ ನೀನೇ ಸಾಕು. ಲಾಳಿ ಎತ್ಕೋ. ತುಟೀಲಿ ಸ್ವಲ್ಪ ನಗು ಇರ್ಲಿ."