ಮೆಣಸು ಹುರಿಯುವ ಹೊತ್ತು

ಮೆಣಸು ಹುರಿಯುವ ಘಾಟು ಮೂಗಿಗೆ ಬಡಿದರೆ, ಮನೆಯಲ್ಲಾಗಲಿ ಬೇಲಾಪುರದ ಆಫೀಸಿನ ಕ್ಯಾಂಟೀನಿನಲ್ಲಾಗಲಿ, ಒಳಗೆ ಯಾರಾದರೂ ಕೆಮ್ಮುತ್ತಿದ್ದಾರೆಯೇ ಎಂದು ನಾನು ಈಗಲೂ ಮೊದಲು ಕಿವಿಗೊಡುತ್ತೇನೆ.

ಉಲ್ಹಾಸನಗರದಲ್ಲಿ ಅಪ್ಪನದೊಂದು ಸಣ್ಣ ಹೋಟೆಲಿತ್ತು. ಮಧ್ಯಾಹ್ನ ಗಿರಾಕಿಗಳು ಕಡಿಮೆಯಾದ ಮೇಲೆ ಅಡುಗೆಯ ಶೀನಣ್ಣ ಬಾಗಿಲು ಮುಚ್ಚಿಕೊಂಡು ಸಾಂಬಾರಿನ ಮೆಣಸು ಹುರಿಯುತ್ತಿದ್ದ. ಅಡುಗೆಮನೆಗೆ ಬೆಳಕು ಬರಲು ಮಾಡಿನಲ್ಲೊಂದು ಗಾಜಿನ ಹಂಚು, ಹೊಗೆ ಹೋಗಲು ಗಡಗಡ ಎನ್ನುವ ಎಕ್ಸಾಸ್ಟ್ ಫ್ಯಾನು, ಅಷ್ಟೇ. ಅದರ ಸ್ವಿಚ್ಚು ಮಾತ್ರ, ಅಡುಗೆಮನೆಯ ಬಾಗಿಲು ತೆರೆಯುವ ಪಕ್ಕದ ಸಾಮಾನಿನ ಕೋಣೆಯಲ್ಲಿತ್ತು.

ರಜೆಯಲ್ಲಿ ಆ ಕೋಣೆಯ ಫ್ಯಾನಿನ ಕೆಳಗೆ, ಅಕ್ಕಿ ಮೂಟೆಗಳ ಮೇಲೆ ಮಲಗಿ ನಾನು ಕತೆ ಓದುತ್ತಿದ್ದೆ. ಒಂದು ದಿನ ಆ ಗಡಗಡ ಸದ್ದು ಸಾಕಾಗಿ ಎಕ್ಸಾಸ್ಟಿನ ಸ್ವಿಚ್ಚು ಆರಿಸಿದೆ. ಎಷ್ಟು ಹಾಯೆನಿಸಿತು. ಬಾಗಿಲಾಚೆ ಶೀನಣ್ಣ ಕೆಮ್ಮಿದ. ಮತ್ತೆ ಕೆಮ್ಮಿದ. ಇದೊಂದು ಕಿರಿಕಿರಿ ಎಂದು ಗೋಡೆಯ ಕಡೆ ಹೊರಳಿದೆ. ಸ್ವಲ್ಪ ಹೊತ್ತಿಗೆ ಕೆಮ್ಮು ನಿಂತಿತು; ನಾನು ನೆಮ್ಮದಿಯಿಂದ ಪುಟ ತಿರುವಿದೆ.

ಅಪ್ಪ ಬಂದು ಬಾಗಿಲು ತೆರೆದಾಗ ಹೊಗೆ ನನ್ನತ್ತ ನುಗ್ಗಿತು. ಶೀನಣ್ಣನ ಕಂಕುಳಿಗೆ ಕೈಹಾಕಿ ಎಳೆತಂದು ನನ್ನ ಮೂಟೆಗೆ ಒರಗಿಸಿದರು. ಅವನ ತುಟಿ ಕಪ್ಪಿಟ್ಟಿತ್ತು. ಕೈಯಲ್ಲಿ ಸಟ್ಟುಗ ಹಾಗೇ ಇತ್ತು.

"ಹೊರಗೆ ಬರ್ಲಿಕ್ಕೆ ಏನಾಗಿತ್ತು ನಿನಗೆ?" ಎಂದು ಅಪ್ಪ ಗದರಿದರು.

"ಕರೆಂಟ್ ಹೋಯ್ತಲ್ಲ ಸೇಠ್ರೆ," ಎಂದ ಶೀನಣ್ಣ, ಉಸಿರು ಸಿಕ್ಕಷ್ಟರಲ್ಲಿ. "ಈಗ ಬರ್ತದೆ ಅಂತ ಕಾದೆ. ಬಾಗಿಲು ತೆಗೆದ್ರೆ ಇಲ್ಲಿ ಮಗುವಿಗೆ ಘಾಟು ಹೊಡೀತದಲ್ಲ."

ಅಪ್ಪ ತಲೆಯೆತ್ತಿ, ನನ್ನ ಮೇಲೆ ತಣ್ಣಗೆ ತಿರುಗುತ್ತಿದ್ದ ಫ್ಯಾನನ್ನೇ ನೋಡುತ್ತ ನಿಂತರು.