ಎಳೆಯದೆ ಬಿಟ್ಟ ಗೆರೆ

ಏಳೆಂಟು ನೂರು ವರ್ಷಗಳ ಹಿಂದೆ, ಸ್ಪೇನಿನ ಒಂದು ಊರಿನಲ್ಲಿ, ಯೆಹೂದಿ ಗುರುವೊಬ್ಬರು ತಮ್ಮ ಪಾಠಶಾಲೆಯಲ್ಲಿ ದೇವರ ಹತ್ತು ಶಕ್ತಿಗಳನ್ನು ಹತ್ತು ವೃತ್ತಗಳಾಗಿ ತೊಗಲಿನ ಹಾಳೆಯ ಮೇಲೆ ಬರೆದರು. ವೃತ್ತದಿಂದ ವೃತ್ತಕ್ಕೆ ಗೆರೆ ಎಳೆದರು. ಒಂಬತ್ತನೆಯದಕ್ಕೂ ಹತ್ತನೆಯದಕ್ಕೂ ನಡುವೆ ಮಾತ್ರ ಗೆರೆ ಇರಲಿಲ್ಲ.

ಇಪ್ಪತ್ತು ವರ್ಷದ ಮೇಲೆ ಅವರ ಹಳೆಯ ಶಿಷ್ಯ ಮೂರು ದಪ್ಪ ಸಂಪುಟ ಅವಚಿಕೊಂಡು ಮನೆಗೆ ನುಗ್ಗಿದ. ಬಾಗಿಲ ಚೌಕಟ್ಟಿಗೆ ಮುತ್ತಿಟ್ಟ, ಗುರುಗಳ ಕೈಗೆ ಮುತ್ತಿಟ್ಟ, ಖುಷಿ ತಡೆಯಲಾರದೆ ಅಲ್ಲೇ ಮಲಗಿದ್ದ ಬೆಕ್ಕಿಗೂ ಮುತ್ತಿಟ್ಟ.

"ಗುರುಗಳೇ, ಆ ಖಾಲಿ ಜಾಗದ ಗುಟ್ಟು ಸಿಕ್ಕಿಬಿಟ್ಟಿತು! ದೇವರಿಗೂ ಲೋಕಕ್ಕೂ ನಡುವಿನ ಅಗಲಿಕೆ ಅದು! ಮೂರು ಸಂಪುಟ ಬರೆದಿದ್ದೇನೆ. ಊರೂರಲ್ಲಿ ಜನ ನಿಮ್ಮ ಚಿತ್ರ ನಕಲು ಮಾಡಿಕೊಂಡು, ಆ ಜಾಗ ನೋಡುತ್ತಾ ಉಪವಾಸ ಕೂರುತ್ತಿದ್ದಾರೆ. ನಾಳಿದ್ದು ಹಿರಿಯರ ಸಭೆ. ನೀವೊಮ್ಮೆ ಹೌದು ಅಂದರೆ ಸಾಕು!"

ಗುರುಗಳು ಗಡ್ಡ ಕೆರೆದುಕೊಂಡರು.

"ಅವತ್ತು ಶುಕ್ರವಾರ ಕಣಯ್ಯಾ. ಇನ್ನೊಂದೇ ಒಂದು ಗೆರೆ ಬಾಕಿ ಇತ್ತು, ಸೂರ್ಯ ಮುಳುಗಿಬಿಟ್ಟ. ಸಬ್ಬತ್ತಿನ ವಿಶ್ರಾಂತಿ ಶುರುವಾದ ಮೇಲೆ ಶನಿವಾರ ಸಂಜೆಯವರೆಗೆ ನಮ್ಮಲ್ಲಿ ಯಾರೂ ಬರೆಯುವ ಹಾಗಿಲ್ಲವಲ್ಲ. ಲೇಖನಿ ಕೆಳಗಿಟ್ಟೆ."

ಒಂದು ಸಂಪುಟ ಜಾರಿ ಶಿಷ್ಯನ ಕಾಲ ಮೇಲೇ ಬಿತ್ತು. ಅವನಿಗೆ ನೋವೂ ತಿಳಿಯಲಿಲ್ಲ.

"ಸಬ್ಬತ್ ಮುಗಿದ ಮೇಲಾದರೂ ಎಳೆಯಬಹುದಿತ್ತಲ್ಲ, ಗುರುಗಳೇ?"

"ಎಳೆಯೋಣ ಅಂತಲೇ ಭಾನುವಾರ ಬೆಳಿಗ್ಗೆ ಲೇಖನಿ ಹಿಡಿದುಕೊಂಡು ಪಾಠಶಾಲೆಗೆ ಬಂದೆ. ನೀನು ಆಗಲೇ ಆ ಖಾಲಿ ಜಾಗದ ಮುಂದೆ ನಿಂತು ಕುಣಿಯುತ್ತಿದ್ದೆ."